ಜೇನಿನ ಮೇಲೆ ಬಂದ ಅಪವಾದ

ಹೆಜ್ಜೇನು ಎದ್ದು ಮದುವೆ ದಿಬ್ಬಣ ದಿಕ್ಕಾಪಾಲಾದ ಕಥೆ ಹೇಳಿ ಈಗಷ್ಟೇ ಎಲ್ಲರನ್ನೂ ನಗಿಸಿದಿರಿ. ನನ್ನ ಹತ್ತಿರವೂ ಒಂದು ಜೇನಿನ ಕಥೆ ಇದೆ, ಕೇಳಿ. ಇದರಲ್ಲಿ ಓಡಿದ್ದು ಒಂದು ದಂಡು. ಅದೂ ಬೆಂಗಳೂರಿನ ಹೆಸರು ಹೊತ್ತ ದಂಡು.

ನನಗೆ ಇದನ್ನು ಮೊದಲು ಹೇಳಿದವರು ಹಲಸೂರಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಒಬ್ಬ ನಿವೃತ್ತ ಸುಬೇದಾರರು. ಅವರ ತಂದೆ ಪಯೋನಿಯರ್ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದವರು. ತಂದೆಯ ಬಾಯಿಂದ ಮಗನಿಗೆ ಬಂದಿದ್ದು ಮೂರೇ ಮಾತು: ಸಮುದ್ರ ದಾಟಿ ಹೋದರು, ಜೇನು ಕಚ್ಚಿತು, ವಾಪಸ್ ಹಡಗು ಹತ್ತಿದರು. ಉಳಿದದ್ದನ್ನು ನಾನು ಆಮೇಲೆ ಅಲ್ಲಿ ಇಲ್ಲಿ ಓದಿ ಕೂಡಿಸಿಕೊಂಡೆ. ಓದುತ್ತಾ ಹೋದಂತೆ ಆ ಕಥೆಯಲ್ಲಿ ಜೇನಿನ ಪಾಲು ಕಡಿಮೆಯಾಗಿ ಮನುಷ್ಯರ ಪಾಲೇ ಹೆಚ್ಚಾಯಿತು.

ಊರಿನ ಹೆಸರು ಟಾಂಗಾ. ಇಂದಿನ ಟಾಂಜಾನಿಯಾದ ಕಡಲ ತೀರದಲ್ಲಿ, ಕೀನ್ಯಾ ಗಡಿಗೆ ಹತ್ತಿರ ಇದೆ. ಆಗ ಆ ಸೀಮೆಗೆ ಜರ್ಮನ್ ಪೂರ್ವ ಆಫ್ರಿಕ ಅಂತ ಹೆಸರು. ಟಾಂಗಾ ಬಂದರಿನಿಂದ ಕಿಲಿಮಂಜಾರೋ ಬುಡದ ಮೋಶಿಯವರೆಗೆ ಜರ್ಮನ್ನರು ರೈಲು ಹಾಕಿದ್ದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷರ ಲೆಕ್ಕಾಚಾರ ಬಹಳ ಸುಲಭದ್ದು. ಕಡಲ ಕಡೆಯಿಂದ ಟಾಂಗಾ ಹಿಡಿಯುವುದು, ಇನ್ನೊಂದು ಪಡೆ ಉತ್ತರದ ಲೊಂಗಿಡೋ ಕಡೆಯಿಂದ ಇಳಿಯುವುದು, ಕ್ರಿಸ್‌ಮಸ್ಸಿನೊಳಗೆ ಎಲ್ಲ ಮುಗಿಸುವುದು. ಕೆಲಸ ಬಿದ್ದಿದ್ದು ಭಾರತದ ಸೈನ್ಯದ ತಲೆಗೆ.

ಸೇನಾಪತಿ ಮೇಜರ್ ಜನರಲ್ ಆರ್ಥರ್ ಏಟ್ಕನ್. ಆತನಿಗೆ ಪರಿಚಯವಿದ್ದ ಪುಣೆ ಬ್ರಿಗೇಡನ್ನು ಕೊನೇ ಗಳಿಗೆಯಲ್ಲಿ ಕಿತ್ತುಕೊಂಡು ಪರ್ಶಿಯನ್ ಕೊಲ್ಲಿಗೆ ಕಳಿಸಿದರು. ಅದರ ಬದಲಿಗೆ ಕೊಟ್ಟದ್ದು 27ನೇ ಬೆಂಗಳೂರು ಬ್ರಿಗೇಡ್. ಹೆಸರು ಬೆಂಗಳೂರಿನದು ಅಂದ ಮಾತ್ರಕ್ಕೆ ಎಲ್ಲ ನಮ್ಮವರೇ ಅಂದುಕೊಳ್ಳಬೇಡಿ. ಲ್ಯಾಂಕಾಶೈರಿನ ಒಂದು ಬಿಳಿಯರ ಪಲ್ಟನ್, 63ನೇ ಪಾಳಯಂಕೋಟೆ ಪದಾತಿದಳ, 98ನೇ ಪದಾತಿದಳ, 101ನೇ ಗ್ರೆನೇಡಿಯರ್‌ಗಳು. ಇನ್ನೊಂದು ಬ್ರಿಗೇಡಿನಲ್ಲಿ ಕಾಶ್ಮೀರ, ಗ್ವಾಲಿಯರ್ ಸಂಸ್ಥಾನಗಳ ಪಡೆಗಳು, 13ನೇ ರಜಪೂತರು. ಇವರ ಜೊತೆಗೆ 61ನೇ ಪಯೋನಿಯರ್‌ಗಳು, ಅಂದರೆ ದಾರಿ ಮಾಡುವ, ಕಂದಕ ತೋಡುವ ಕೆಲಸಕ್ಕೂ ಬಂದೂಕು ಹಿಡಿಯುವ ಕೆಲಸಕ್ಕೂ ಆಗುವ ಮದ್ರಾಸ್ ಸೈನ್ಯದ ಜನ. ಒಟ್ಟು ಸುಮಾರು 8,000. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತು ಕಾದಾಡಿದ್ದಿಲ್ಲ, ಸೇನಾಪತಿಗೆ ಇವರ್‍ಯಾರೂ ಗೊತ್ತಿಲ್ಲ.

ಅಕ್ಟೋಬರ್ 16ರಂದು ಬೊಂಬಾಯಿ ಬಿಟ್ಟರು. ಎಂಡನ್ ಎಂಬ ಜರ್ಮನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿ ಹೋಗಿ ಇನ್ನೂ ತಿಂಗಳಾಗಿರಲಿಲ್ಲ, ಆ ಭಯ ಬೇರೆ. ಎರಡು ವಾರಕ್ಕೂ ಮೇಲೆ ಇಕ್ಕಟ್ಟಿನ ಹಡಗುಗಳಲ್ಲಿ ವಾಂತಿ ಮಾಡಿಕೊಂಡು, ಅರ್ಧ ಉಂಡು ಅರ್ಧ ಬಿಟ್ಟು ಜನ ನಿತ್ರಾಣರಾಗಿದ್ದರು. ಮೊಂಬಾಸಾದಲ್ಲಿ ಒಂದಷ್ಟು ದಿನ ಇಳಿಸಿ ಸುಧಾರಿಸಿಕೊಳ್ಳಲು ಬಿಡಬಹುದಿತ್ತು. ಬಿಡಲಿಲ್ಲ. ಆ ನೆಲದ ಇಂಚಿಂಚೂ ಗೊತ್ತಿದ್ದ ಆಫ್ರಿಕದ ಸಿಪಾಯಿಗಳು, ಕಿಂಗ್ಸ್ ಆಫ್ರಿಕನ್ ರೈಫಲ್ಸ್‌ನವರು, ಜೊತೆಗೆ ಬರಲು ಸಿದ್ಧರಿದ್ದರು. ಬೇಡ ಅಂದ ಏಟ್ಕನ್. ಎದುರಿಗಿರುವವರೂ ಬಹುಪಾಲು ಕರಿಯ ಸಿಪಾಯಿಗಳೇ ತಾನೆ, ಅವರೇನು ಮಹಾ ಅನ್ನುವ ತಾತ್ಸಾರ.

ಇನ್ನು ನವೆಂಬರ್ 2ರ ಬೆಳಗ್ಗೆ. ನನ್ನನ್ನು ಕೇಳಿದರೆ ಯುದ್ಧ ಸೋತದ್ದು ಆವತ್ತೇ, ಅದೂ ಒಂದು ಗುಂಡು ಹಾರುವ ಮೊದಲೇ. ಯುದ್ಧ ಶುರುವಾದ ಹೊಸದರಲ್ಲಿ ನೌಕಾಪಡೆಯವರು ಟಾಂಗಾದ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರು: ನೀವು ಸುಮ್ಮನಿರಿ, ನಾವೂ ಸುಮ್ಮನಿರುತ್ತೇವೆ. ಮೇಲಿನವರು ಅದನ್ನು ಒಪ್ಪಿರಲೇ ಇಲ್ಲ. ಆದರೂ ಮಾತು ಕೊಟ್ಟ ಮೇಲೆ ಹೇಳದೆ ಹೊಡೆಯುವುದು ಮರ್ಯಾದೆಯಲ್ಲ ಅಂತ ನೌಕಾಪಡೆ ಪಟ್ಟು ಹಿಡಿಯಿತು. ಸರಿ, ಫಾಕ್ಸ್ ಎಂಬ ಯುದ್ಧನೌಕೆ ಒಂದೇ ಬಂದರಿನೊಳಗೆ ಹೋಯಿತು. ಅದರ ಕ್ಯಾಪ್ಟನ್ ಕಾಲ್‌ಫೀಲ್ಡ್ ಊರಿನ ಜರ್ಮನ್ ಅಧಿಕಾರಿ ಔರಾಖರ್‌ನನ್ನು ಕರೆಸಿ, ಒಪ್ಪಂದ ರದ್ದಾಗಿದೆ, ಒಂದು ಗಂಟೆ ಟೈಮು ಕೊಡುತ್ತೇನೆ, ಶರಣಾಗಿ ಅಂದ. ಕನ್ನ ಹಾಕಲು ಬಂದವನು ಬಾಗಿಲು ಬಡಿದು ಮನೆಯವರನ್ನು ಎಬ್ಬಿಸಿದ ಹಾಗಾಯಿತು. ಅಷ್ಟಕ್ಕೆ ಬಿಟ್ಟನೇ? ಬಂದರಿನಲ್ಲಿ ಸಿಡಿಗುಂಡು ಹುದುಗಿಸಿದ್ದೀರಾ ಅಂತಲೂ ಅವನನ್ನೇ ಕೇಳಿದ! ಹೌದು ಹುದುಗಿಸಿದ್ದೇವೆ ಅಂದ ಔರಾಖರ್. ಒಂದೇ ಒಂದು ಸಿಡಿಗುಂಡೂ ಅಲ್ಲಿರಲಿಲ್ಲ. ಔರಾಖರ್ ದಡಕ್ಕೆ ಹೋದವನೇ ಮೋಶಿ ಕಡೆಗೆ ತಂತಿ ಕೊಟ್ಟ, ಸಿವಿಲ್ ಬಟ್ಟೆ ಕಳಚಿ ಸೈನಿಕರ ಸಮವಸ್ತ್ರ ತೊಟ್ಟ. ಗಂಟೆ ಕಳೆದರೂ ಜರ್ಮನ್ ಬಾವುಟ ಇಳಿಯಲಿಲ್ಲ. ಫಾಕ್ಸ್ ಬರಿಗೈಯಲ್ಲಿ ತಿರುಗಿತು. ಇಲ್ಲದ ಸಿಡಿಗುಂಡಿಗಾಗಿ ನೀರು ಜಾಲಾಡುತ್ತಾ ಇವರು ಹೊತ್ತು ಕಳೆಯುತ್ತಿರುವಾಗ ಅತ್ತ ರೈಲು ತುಂಬಿ ಸೈನ್ಯ ಹೊರಟಿತ್ತು.

ಆ ಕೊಳ್ಳಿ ಸ್ವಲ್ಪ ಒಳಗೆ ತಳ್ಳಿ, ಹೊಗೆ ಬರುತ್ತಿದೆ.

ಸಿಡಿಗುಂಡಿನ ಹೆದರಿಕೆಗೆ ಬಂದರು ಬಿಟ್ಟು, ಊರಿನಿಂದ ಮೂಡಣಕ್ಕೆ ಎರಡು ಮೂರು ಕಿಲೋಮೀಟರ್ ದೂರದ ರಾಸ್ ಕಸೋನೆ ಎಂಬ ಕಡೆ ಇಳಿಸಿದರು. ರಾತ್ರಿ ಹೊತ್ತು. ಕಾಂಡ್ಲಾ ಗಿಡಗಳ ಕೆಸರು, ಅದರ ಹಿಂದೆಯೇ ಕಡಿದಾದ ದಿಬ್ಬ. ಮಾರನೆಯ ಬೆಳಗ್ಗೆ ರಜಪೂತರನ್ನೂ ಪಯೋನಿಯರ್‌ಗಳನ್ನೂ ಮುಂದೆ ಬಿಟ್ಟರು. ರಾತ್ರಿಯಿಡೀ ಕೆಸರಲ್ಲಿ ಒದ್ದಾಡಿದ ಜನ. ರೈಲು ಹಳಿ ಹಾಕಲು ಕಡಿದ ಕಣಿವೆಯಲ್ಲಿ ಜರ್ಮನ್ನರ ಆಸ್ಕರಿಗಳು, ಅಂದರೆ ಅವರ ಆಫ್ರಿಕದ ಸಿಪಾಯಿಗಳು, ಹೊಂಚು ಹಾಕಿದ್ದರು. ಅಲ್ಲಿಗೆ ಸರಿಯಾಗಿ ರೈಲಿನಲ್ಲಿ ಇನ್ನಷ್ಟು ಜನ ಬಂದಿಳಿದರು. ಇವರು ದಡಕ್ಕೆ ಹಿಂದೆ ಸರಿಯಬೇಕಾಯಿತು.

ಜರ್ಮನ್ನರ ಸೇನಾಪತಿ ಪೌಲ್ ಫಾನ್ ಲೆಟ್ಟೊವ್-ಫೋರ್ಬೆಕ್ ಆ ರಾತ್ರಿ ಟಾಂಗಾಕ್ಕೆ ಬಂದ. ಬಂದವನು ನಕ್ಷೆ ಹರಡಿಕೊಂಡು ಕೂರಲಿಲ್ಲ. ಸೈಕಲ್ ಹತ್ತಿ, ಜನರೆಲ್ಲ ಬಿಟ್ಟು ಹೋಗಿದ್ದ ಊರೊಳಗಿಂದ ಕಡಲ ದಂಡೆಯ ತನಕ ತುಳಿದುಕೊಂಡು ಹೋದ. ಮುಂದೆ ದೀಪ ಹೊತ್ತಿಸಿಕೊಂಡ ಹಡಗುಗಳ ಸಾಲು, ಸಾಮಾನು ಇಳಿಸುವ ಗದ್ದಲ. ಈಗ ಕೈಯಲ್ಲಿ ಫಿರಂಗಿ ಇದ್ದಿದ್ದರೆ ಅಂತ ಕೈ ಕೈ ಹಿಸುಕಿಕೊಂಡನಂತೆ. ಆತನ ಬಳಿ ಇದ್ದವರು ಸುಮಾರು ಒಂದು ಸಾವಿರ ಜನ, ಕೆಲವರ ಕೈಯಲ್ಲಿ ಹಾರಿಸಿದರೆ ದಟ್ಟ ಹೊಗೆ ಏಳುವ ಹಳೇ ಕಾಲದ ಬಂದೂಕು. ಎಂಟಕ್ಕೆ ಒಂದು. ಆದರೆ ನೆಲವನ್ನು ಆತ ಕಣ್ಣಾರೆ ನೋಡಿದ್ದ. ಏಟ್ಕನ್ ದಾಳಿ ಮಾಡುವ ಮೊದಲು ಒಬ್ಬ ಬೇಹುಗಾರನನ್ನೂ ಸರಿಯಾಗಿ ಮುಂದೆ ಕಳಿಸಿರಲಿಲ್ಲ.

ನವೆಂಬರ್ 4. ದಾಳಿ ಶುರುವಾಗಿದ್ದು ನಡು ಮಧ್ಯಾಹ್ನದ ಸುಡುಬಿಸಿಲಲ್ಲಿ. ಎದೆಯೆತ್ತರದ ಕತ್ತಾಳೆ, ರಬ್ಬರ್ ತೋಟ, ಜೋಳದ ಹೊಲ. ಪಕ್ಕದಲ್ಲಿ ನಡೆಯುವವನೇ ಕಾಣದಷ್ಟು ದಟ್ಟ. ನೀರಿಲ್ಲ. ಸಾಲು ಅಲ್ಲಲ್ಲೇ ಹರಿದುಹೋಯಿತು. ಅಷ್ಟಾದರೂ ಬಲಗಡೆಯ ಕಾಶ್ಮೀರದವರು, ಲ್ಯಾಂಕಾಶೈರಿನವರು ಬೀದಿ ಬೀದಿಯಲ್ಲಿ ಕಾದಾಡಿ ಊರೊಳಗೆ ನುಗ್ಗಿದರು, ಕಸ್ಟಮ್ಸ್ ಕಟ್ಟಡವನ್ನು ಹಿಡಿದರು. ಎಡಗಡೆ ಕಥೆ ಬೇರೆ. ಪಾಳಯಂಕೋಟೆಯವರು ಮೆಷಿನ್‌ಗನ್ನಿನ ಮುಂದೆ ನಿಲ್ಲಲಾರದೆ ಚೆದುರಿದರು. 101ನೇ ಗ್ರೆನೇಡಿಯರ್‌ಗಳು ನಿಂತರು, ನಿಂತಲ್ಲೇ ಪಕ್ಕದಿಂದ ಬಂದ ಲೆಟ್ಟೊವ್‌ನ ಪಡೆಗೆ ಸಿಕ್ಕಿ ನುಚ್ಚುನೂರಾದರು.

ಈಗ ಜೇನು. ಆ ಕಡೆಯ ಜನ ಮರದ ದಿಮ್ಮಿಯನ್ನು ಪೊಳ್ಳು ಮಾಡಿ, ಎರಡೂ ತುದಿ ಮುಚ್ಚಿ, ಜೇನು ಕೂರಲೆಂದು ಕೊಂಬೆಗೆ ಕಟ್ಟುತ್ತಾರೆ. ತೋಟದ ತುಂಬ ಅಂಥ ಗೂಡುಗಳು. ಗುಂಡುಗಳು ಕತ್ತಾಳೆಯನ್ನು ಸೀಳಿದ ಹಾಗೆ ದಿಮ್ಮಿಗಳನ್ನೂ ಸೀಳಿದವು. ಆಫ್ರಿಕದ ಜೇನು ನಮ್ಮ ತುಡುವೆಯಂತೆ ಸಾಧುವಲ್ಲ. ಎದ್ದರೆ ಹೆಜ್ಜೇನಿನ ಹಾಗೆ ಅಟ್ಟಿಸಿಕೊಂಡೇ ಬರುತ್ತದೆ. 98ನೇ ಪಲ್ಟನ್ನಿನ ಮೇಲೆ ಅದು ಕವಿದಾಗ ಬಂದೂಕು ಎಸೆದು, ಪೇಟ ಬಿಚ್ಚಿ ಮುಖಕ್ಕೆ ಸುತ್ತಿಕೊಂಡು ಓಡುವುದು ಬಿಟ್ಟರೆ ಬೇರೆ ಏನು ಮಾಡಲು ಸಾಧ್ಯವಿತ್ತು ಹೇಳಿ. ಗುಂಡಿಗೆ ಮಲಗಿ ತಪ್ಪಿಸಿಕೊಳ್ಳಬಹುದು, ಜೇನಿಗೆ ಮಲಗಿದರೆ ಮುಗಿಯಿತು.

ಸಂಜೆಗೆ ದಂಡು ಮತ್ತೆ ದಡ ಸೇರಿತು. ಆವತ್ತು ರಾತ್ರಿ ನಡೆದದ್ದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಕತ್ತಲಲ್ಲಿ ಊದಿದ ಕಹಳೆಯನ್ನು ತಪ್ಪು ತಿಳಿದು ಜರ್ಮನ್ ಪಡೆಗಳೂ ಊರು ಬಿಟ್ಟು ಪಡುವಣದ ಬಿಡಾರಕ್ಕೆ ಹೊರಟುಹೋಗಿದ್ದವು. ಯಾವ ಟಾಂಗಾಕ್ಕಾಗಿ ನೂರಾರು ಜನ ಸತ್ತರೋ ಆ ಟಾಂಗಾ ರಾತ್ರಿಯೆಲ್ಲ ಹೇಳುವವರು ಕೇಳುವವರು ಇಲ್ಲದೆ ಖಾಲಿ ಬಿದ್ದಿತ್ತು. ಏಟ್ಕನ್‌ಗೆ ಗೊತ್ತೇ ಆಗಲಿಲ್ಲ.

5ರಂದು ಎಲ್ಲರನ್ನೂ ದೋಣಿ ಹತ್ತಿಸಿದರು. ಸಾಮಾನನ್ನು ದಡದಲ್ಲೇ ಬಿಟ್ಟರು: ಮೆಷಿನ್‌ಗನ್ನು, ನೂರಾರು ಬಂದೂಕು, ಸುಮಾರು 6 ಲಕ್ಷ ತೋಟಾ, ಟೆಲಿಫೋನು, ಕಂಬಳಿ. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 817. ಲೆಟ್ಟೊವ್‌ನ ಕಡೆ ಸತ್ತವರು ಸುಮಾರು 70. ಆ ಬಂದೂಕು, ತೋಟಾಗಳನ್ನೇ ತನ್ನವರ ಕೈಗೆ ಕೊಟ್ಟು ಆತ ಮುಂದೆ ನಾಲ್ಕು ವರ್ಷ ಬ್ರಿಟಿಷರನ್ನು ಆಫ್ರಿಕದ ಉದ್ದಗಲಕ್ಕೂ ಓಡಾಡಿಸಿದ. ಯುರೋಪಿನಲ್ಲಿ ಕದನವಿರಾಮವಾಗಿ ಎರಡು ವಾರ ಕಳೆದ ಮೇಲೆ, 1918ರ ನವೆಂಬರ್ 25ರಂದು, ಅಬರ್‌ಕಾರ್ನ್ ಎಂಬಲ್ಲಿ ಆಯುಧ ಕೆಳಗಿಟ್ಟ. ಅಷ್ಟರಲ್ಲಿ ಹೊರೆ ಹೊತ್ತು ಹೊತ್ತು, ಹಸಿವಿಗೆ, ಜ್ವರಕ್ಕೆ ಸತ್ತ ಆಫ್ರಿಕದ ಕೂಲಿಗಳು ಹತ್ತಾರು ಸಾವಿರ. ಟಾಂಗಾ ಆ ವಾರ ಕೈಗೆ ಬಂದಿದ್ದರೆ ಆ ಸಾವುಗಳಲ್ಲಿ ಬಹಳಷ್ಟು ತಪ್ಪುತ್ತಿದ್ದವು ಅನ್ನುವುದು ನನ್ನ ಅಂದಾಜು.

ಕಡಲಿಂದ ದಂಡು ಇಳಿಸುವ ವಿದ್ಯೆಯನ್ನು ಬ್ರಿಟಿಷರು ಅಲ್ಲಿಗೇ ಕಲಿತರೇ? ಇಲ್ಲ. ಆರು ತಿಂಗಳು ಕಳೆಯುವುದರೊಳಗೆ ಗಲಿಪೊಲಿಯಲ್ಲಿ ಮತ್ತೆ ಅದೇ ಗೋಳು. ಕಲಿತದ್ದು ನಾರ್ಮಂಡಿಯ ಹೊತ್ತಿಗೆ. 1944ರ ಜೂನ್ 6ಕ್ಕೆ ತಿಂಗಳುಗಳ ಮೊದಲೇ ಮುಳುಗುಗಾರರು ರಾತ್ರಿ ಈಜಿ ಹೋಗಿ ಆ ದಂಡೆಯ ಮರಳಿನ ಮಾದರಿ ತಂದಿದ್ದರು, ಟ್ಯಾಂಕು ಹೂತುಹೋಗುತ್ತದೋ ಇಲ್ಲವೋ ನೋಡಲು. ದಾಳಿ ನಡೆಯುವುದು ಕ್ಯಾಲೇ ಕಡೆ ಅಂತ ಜರ್ಮನ್ನರನ್ನು ನಂಬಿಸಿದ್ದರು. ಆ ದಂಡೆಯ ಮುಳ್ಳುತಂತಿಯನ್ನು ಸಿಡಿಸಲು ಅಮೆರಿಕದ ಸಿಪಾಯಿಗಳು ಹೊತ್ತೊಯ್ದದ್ದು ಸ್ಫೋಟಕ ತುಂಬಿದ ಉದ್ದನೆಯ ಕೊಳವೆ. ಅದರ ಹೆಸರು ಬೆಂಗಳೂರು ಟಾರ್ಪಿಡೊ. 1912ರಲ್ಲಿ ನಮ್ಮ ಬೆಂಗಳೂರಲ್ಲೇ, ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬಾತ ರೂಪಿಸಿದ್ದು. ಊರಿನ ಹೆಸರು ಅಲ್ಲಿ ಗೆದ್ದಿತು ಅನ್ನಿ.

ಟಾಂಗಾದ ಸುದ್ದಿಯನ್ನು ಲಂಡನ್ನು ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಏಟ್ಕನ್‌ನ ದರ್ಜೆಯನ್ನು ಕರ್ನಲ್‌ಗೆ ಇಳಿಸಿದರು. ಆದರೆ ಬೈಗುಳದ ದೊಡ್ಡ ಪಾಲು ಬಂದದ್ದು ಮದ್ರಾಸ್ ಸೈನ್ಯದ ಸಿಪಾಯಿಗಳಿಗೆ: ಹೇಡಿಗಳು, ಓಡಿಹೋದರು ಅಂತ. ಮಿಕ್ಕಿದ್ದು ಜೇನಿಗೆ. ಜರ್ಮನ್ನರು ಬೇಕೆಂದೇ ಗೂಡುಗಳಿಗೆ ತಂತಿ ಕಟ್ಟಿ, ಇವರು ಎಡವಿದೊಡನೆ ಜೇನು ಏಳುವ ಹಾಗೆ ಹೂಡಿದ್ದರು ಎಂದು ಇಂಗ್ಲಿಷ್ ಪತ್ರಿಕೆಗಳವರು ಬರೆದರು. ಲೆಟ್ಟೊವ್ ಯುದ್ಧ ಮುಗಿದ ಮೇಲೆ ತನ್ನ ನೆನಪುಗಳನ್ನು ಬರೆಯುವಾಗ ಈ ಮಾತನ್ನೂ ಎತ್ತಿಕೊಂಡಿದ್ದಾನೆ, ಒಳ್ಳೆ ಕುಚೋದ್ಯ ಮಾಡಿದ್ದಾನೆ. ತಾನು ಪಳಗಿಸಿ ಇಟ್ಟುಕೊಂಡಿದ್ದೆ ಅಂತ ಇವರು ಹೇಳುವ ಆ ಜೇನೇ ಗಡಿಬಿಡಿಯ ನಟ್ಟನಡುವೆ ತನ್ನ ಮೆಷಿನ್‌ಗನ್ನಿನವರನ್ನೂ ಕಚ್ಚಿ ಕಚ್ಚಿ ಗನ್ನು ಬಾಯಿ ಮುಚ್ಚುವಂತೆ ಮಾಡಿತ್ತಂತೆ.