ಕರೆಂಟು ಹೋದ ದಿನ ಬರುವ ನೀರು

ನಮ್ಮೂರಿನ ಗ್ರಾಮಸಭೆಗೆ ನಾನು ಮೊದಲ ಸಲ ಹೋಗಿದ್ದು ಮೂವತ್ತು ದಾಟಿದ ಮೇಲೆ. ಅದೂ ಹೋಗಬೇಕು ಅಂತ ಹೋಗಿದ್ದಲ್ಲ. 2021ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲೇ ತಿಂಗಳುಗಟ್ಟಲೆ ಇದ್ದೆ. ನೆಟ್‌ವರ್ಕ್ ಸರಿಯಾಗಿ ಸಿಗ್ತಿದ್ದದ್ದು ಶಾಲೆ ಹಿಂದಿನ ಹುಣಸೆಮರದ ಕೆಳಗೆ ಮಾತ್ರ. ಒಂದು ದಿನ ಲ್ಯಾಪ್‌ಟಾಪ್ ಹಿಡ್ಕೊಂಡು ಅಲ್ಲಿ ಕೂತಿದ್ದಾಗ ಪಂಚಾಯ್ತಿ ಮೆಂಬರ್ ಬಂದರು.

"ಏನಪ್ಪಾ, ಇಲ್ಲೇ ಇದೀಯಲ್ಲ, ಬಾ. ಮನೆ ಮನೆಗೆ ನಲ್ಲಿ ಹಾಕ್ತಾರಂತೆ, ಪ್ಲಾನು ತಂದವ್ರೆ. ನೀನಾದ್ರೂ ಒಂಚೂರು ನೋಡು."

"ಅಣ್ಣ, ನಾನು ಕಂಪ್ಯೂಟರ್ ಇಂಜಿನಿಯರ್ರು. ಪೈಪಿನ ವಿಷಯ ನಂಗೇನು ಗೊತ್ತು?"

"ಇಂಜಿನಿಯರ್ ಅಂದ್ಮೇಲೆ ಇಂಜಿನಿಯರ್ರೇ ಬಾರೋ."

ಅಲ್ಲಿಗೆ ಚರ್ಚೆ ಮುಗೀತು.

ಮುಂದಿನ ಕಥೆ ಹೇಳೋಕೆ ಮುಂಚೆ ನಮ್ಮೂರಿನ ನೀರಿನ ಇತಿಹಾಸ ಸ್ವಲ್ಪ ಹೇಳಬೇಕು. ನಮ್ಮಜ್ಜಿ ಮದುವೆಯಾಗಿ ಬಂದಾಗ ಕುಡಿಯೋಕೆ ಇದ್ದದ್ದು ಒಂದು ಸೇದೋ ಬಾವಿ. 80ರ ದಶಕದಲ್ಲಿ ಊರ ಮುಂದೆ ಕೈಯಲ್ಲಿ ಒತ್ತೋ ಬೋರಿಂಗು ಬಂತು. ಅಜ್ಜಿ ಅದನ್ನ ಕೊನೇವರೆಗೂ "ನೀರ್‌ಸಾಬ್ರ ಬೋರು" ಅಂತಲೇ ಕರೀತಿದ್ದಳು. ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೂ ಬೋರ್ ಕೊರೆಸಿ, ಜನರ ಬಾಯಲ್ಲಿ ನೀರ್‌ಸಾಬ್ ಆದವರು. ಅಜ್ಜಿಗೆ ಪ್ರಧಾನಿ ಯಾರು ಅಂತ ಗೊತ್ತಿರಲಿಲ್ಲ, ನೀರ್‌ಸಾಬ್ ಗೊತ್ತಿತ್ತು.

ಆಮೇಲೆ ಸಿಸ್ಟನ್ನು ಬಂತು. ಅದಾದಮೇಲೆ ಓವರ್‌ಹೆಡ್ ಟ್ಯಾಂಕು, ಬೀದಿ ನಲ್ಲಿ, ಕೊನೆಗೆ ದುಡ್ಡು ಕಟ್ಟಿದವರ ಮನೆ ಮುಂದೆ ನಲ್ಲಿ. ಹತ್ತನೇ ಕ್ಲಾಸಿನಲ್ಲಿ ನನ್ನ ಡ್ಯೂಟಿ ಏನಂದ್ರೆ ಬೆಳಗ್ಗೆ ಐದಕ್ಕೆ ಎದ್ದು ನಲ್ಲಿ ಗುಂಡಿಗೆ ಇಳಿಯೋದು. ಸಿಟಿಯಲ್ಲಿ ಬೆಳೆದವರಿಗೆ ನಲ್ಲಿ ಗುಂಡಿ ಗೊತ್ತಿರಲಿಕ್ಕಿಲ್ಲ. ಪೈಪಿನಲ್ಲಿ ನೀರು ಮೇಲಕ್ಕೆ ಏರದಿದ್ದಾಗ ನಲ್ಲಿಯನ್ನೇ ಕೆಳಕ್ಕೆ ಇಳಿಸ್ತಾರೆ. ರೋಡಿನ ಪಕ್ಕ ಮೂರಡಿ ಗುಂಡಿ ತೋಡಿ, ಅದರೊಳಗೆ ಕೊಡ ಇಟ್ಟು ಕಾಯಬೇಕು. ಪಕ್ಕದ ಮನೆಯವರು ನಮಗಿಂತ ಅರ್ಧ ಅಡಿ ಆಳ ತೋಡಿದ್ರೆ ನಮ್ಮ ನೀರು ಅವರಿಗೆ. ಆಗ ನಾವು ಇನ್ನರ್ಧ ಅಡಿ ತೋಡಬೇಕು. ನಮ್ಮ ಬೀದಿಯಲ್ಲಿ ಹಾಗೇ ಪೈಪೋಟಿ ನಡೆದು ನಡೆದು ಅಮ್ಮನಿಗೆ ಗುಂಡಿಯಿಂದ ಕೊಡ ಎತ್ತಿ ಎತ್ತಿ ಸೊಂಟ ಹೋಯ್ತು.

2012ರಲ್ಲಿ ನನಗೆ ಬೆಂಗಳೂರಲ್ಲಿ ಕೆಲಸ ಸಿಕ್ತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಂದುಕೊಡೋಣ ಅಂತಿದ್ದೆ. ಅಮ್ಮ, "ಸೀರೆ ಬ್ಯಾಡ ಕಣೋ, ನಲ್ಲಿಗೊಂದು ಮೋಟಾರ್ ಹಾಕ್ಸು" ಅಂದಳು. ಅರ್ಧ ಹೆಚ್‌ಪಿ ಮೋಟಾರ್ ತಂದು ಪಂಚಾಯ್ತಿ ಪೈಪಿಗೇ ಸೇರಿಸಿದ್ವಿ. ಸ್ವಿಚ್ ಹಾಕಿದ್ರೆ ಸಾಕು, ಹತ್ತು ನಿಮಿಷದಲ್ಲಿ ಸಂಪು ಅರ್ಧ ತುಂಬೋದು. ಗುಂಡಿಗೆ ಮಣ್ಣು ಹಾಕಿ ಮುಚ್ಚಿದ ದಿನ ಅಮ್ಮ ಪಾಯಸ ಮಾಡಿದ್ದಳು. ಓದಿಸಿದ್ದಕ್ಕೂ ಸಾರ್ಥಕ ಆಯ್ತು ಅಂತ ಊರೆಲ್ಲ ಹೇಳಿಕೊಂಡು ಬಂದಳು. ನನಗೂ ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ಗ್ರಾಮಸಭೆಗೆ ಬರೋಣ.

ಶಾಲೆ ಜಗುಲಿಯಲ್ಲಿ ಮಾಸ್ಕನ್ನು ಗದ್ದಕ್ಕೆ ಹಾಕ್ಕೊಂಡು ಒಂದೈವತ್ತು ಜನ ಕೂತಿದ್ದರು. ಯೋಜನೆ ಯಾವುದಂದ್ರೆ ಜಲ ಜೀವನ್ ಮಿಷನ್. ನಮ್ಮ ರಾಜ್ಯದಲ್ಲಿ ಅದನ್ನೇ "ಮನೆ ಮನೆಗೆ ಗಂಗೆ" ಅಂತಾರೆ. 2019ರ ಆಗಸ್ಟ್ 15ರಂದು ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದ ಮನೆಗಳು ನೂರಕ್ಕೆ ಸುಮಾರು 17 ಮಾತ್ರ. ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನೋದು ಅದರ ಲೆಕ್ಕ. ಊರಿನವರೇ ನೀರಿನ ಸಮಿತಿ ಮಾಡಿಕೊಂಡು ಪ್ಲಾನ್ ಮಾಡಬೇಕು, ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಊರೊಳಗಿನ ಕೆಲಸದ ಖರ್ಚಿನಲ್ಲಿ ನೂರಕ್ಕೆ ಹತ್ತು ಭಾಗ ಊರಿನವರು ಹಾಕಬೇಕು. ದುಡ್ಡು ಇಲ್ಲದಿದ್ರೆ ಕೂಲಿ ಕೆಲಸದ ರೂಪದಲ್ಲೂ ಕೊಡಬಹುದು.

ಹಾಳೆ ನನ್ನ ಕೈಗೆ ಬಂತು. ಲೆಕ್ಕ ಕಷ್ಟದ್ದೇನಲ್ಲ. ನಮ್ಮೂರಲ್ಲಿ ಸುಮಾರು 1,200 ಜನ. ತಲೆಗೆ 55 ಅಂದ್ರೆ ದಿನಕ್ಕೆ 66,000 ಲೀಟರ್. ಇರೋ ಬೋರು ಗಂಟೆಗೆ 6,000 ಲೀಟರ್ ಎತ್ತುತ್ತೆ. ತ್ರೀ ಫೇಸ್ ಕರೆಂಟು ಏಳು ಗಂಟೆ ಸಿಕ್ಕರೆ 42,000. ಅಂದ್ರೆ ಈಗ ತಲೆಗೆ 35 ಲೀಟರ್ ಸಿಗ್ತಿದೆ, ಇನ್ನೊಂದು ಬೋರ್ ಕೊರೆದು ಹಳೇ ಟ್ಯಾಂಕಿಗೆ ಸೇರಿಸಿದ್ರೆ ಕೆಲಸ ಆಯ್ತು. ನಾನು ಹಾಗೇ ಓದಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು.

ಆಗ ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಅಜ್ಜಿ ಎದ್ದಳು. ಗೊಲ್ಲರಹಟ್ಟಿಯವಳು. ಹಟ್ಟಿ ನಮ್ಮೂರಿಗೆ ಸೇರಿದ್ದೇ, ಒಂದು ಕೂಗಳತೆ ದೂರ, ನಲವತ್ತು ಮನೆ.

"ಸಾಮಿ, ನಮಗೆ ಮೂವತ್ತೈದು ಎಲ್ಲಿ ಬತ್ತದೆ? ನಮ್ಮ ನಲ್ಲೀಲಿ ನೀರು ಬರಾದು ಕರೆಂಟು ಹೋದ ದಿನ ಮಾತ್ರ."

ಎಲ್ಲರೂ ನಕ್ಕರು. ಯೋಜನೆಯ ಇಂಜಿನಿಯರ್ ಸಾಹೇಬರೂ ನಕ್ಕು, "ಕರೆಂಟ್ ಇದ್ರೆ ತಾನೇ ಅಜ್ಜಿ ನೀರು ಬರೋದು? ನೀನು ಉಲ್ಟಾ ಹೇಳ್ತಿದೀಯ" ಅಂದರು. "ಉಲ್ಟಾ ಇಲ್ಲ ಸಾಮಿ, ಇರಾದೇ ಹಂಗೆ" ಅಂತ ಹೇಳಿ ಕೂತಳು.

ನಾನು ನಗಲಿಲ್ಲ. ನನಗೆ ಆ ಕ್ಷಣವೇ ಅರ್ಥ ಆಗಿತ್ತು. ಟ್ಯಾಂಕು ಸಂಜೆಯೇ ತುಂಬಿರುತ್ತೆ. ಬೆಳಗ್ಗೆ ನೀರುಗಂಟಿ ವಾಲ್ವ್ ತಿರುಗಿಸ್ತಾನೆ. ಪೈಪು ಊರೊಳಗೆಲ್ಲ ಸುತ್ತಿ ಕೊನೆಗೆ ಹಟ್ಟಿಗೆ ಹೋಗುತ್ತೆ. ಕರೆಂಟು ಇದ್ದ ದಿನ ಊರೊಳಗಿನ ಮೋಟಾರುಗಳೆಲ್ಲ ಒಟ್ಟಿಗೆ ಆನ್ ಆಗಿ ಪೈಪಿನಲ್ಲಿ ಇರೋಬರೋ ನೀರನ್ನ ಹೀರಿಬಿಡ್ತಾವೆ. ಬೆಳಗ್ಗೆ ಕರೆಂಟು ಹೋದ್ರೆ ಮೋಟಾರು ಓಡಲ್ಲ. ಆಗ ನೀರು ತನ್ನಷ್ಟಕ್ಕೆ ತಾನು ಇಳಿಜಾರಿನಲ್ಲಿ ಹರಿದು ಹಟ್ಟಿ ಮುಟ್ಟುತ್ತೆ. ಅಜ್ಜಿ ಹೇಳಿದ್ದು ಅಕ್ಷರಶಃ ಸರಿ.

"ಏನಪ್ಪಾ, ಯಾಕಿರಬಹುದು?" ಅಂತ ಮೆಂಬರ್ ನನ್ನ ಕಡೆ ನೋಡಿದರು.

ನಾನು ಹೇಳಿದ್ದಿಷ್ಟು: "ಟೈಲ್ ಎಂಡ್ ಅಲ್ವಾ ಅಣ್ಣ, ಪ್ರೆಷರ್ ಕಮ್ಮಿ ಆಗ್ತಿರಬೇಕು."

ಸುಳ್ಳಲ್ಲ. ಆದರೆ ನಿಜವನ್ನ ಮುಚ್ಚಿಡೋಕೆ ಒಂದು ಟೆಕ್ನಿಕಲ್ ಪದ ಎಷ್ಟು ಅನುಕೂಲ ಅಂತ ಅವತ್ತು ಗೊತ್ತಾಯ್ತು. ಆ ಐವತ್ತು ಜನರಲ್ಲಿ ಇಪ್ಪತ್ತು ಜನರ ಮನೆಯಲ್ಲಾದರೂ ಮೋಟಾರಿತ್ತು. ಯಾರೂ ಬಾಯಿ ಬಿಡಲಿಲ್ಲ. ಓದಿದವನು ಅನ್ನಿಸಿಕೊಂಡ ನಾನೂ ಬಿಡಲಿಲ್ಲ.

ಸಂಜೆ ಟ್ಯಾಂಕಿನ ಹತ್ತಿರ ನೀರುಗಂಟಿ ಅಣ್ಣ ಸಿಕ್ಕ. "ಅಣ್ಣ, ನಿಂಗೆ ಗೊತ್ತಿತ್ತಾ?" ಅಂದೆ.

"ಗೊತ್ತಿಲ್ದೆ ಏನು? ಯಾರ ಮನೇಲಿ ಮೋಟಾರದೆ ಅಂತ ನಾನು ಹೇಳಿದ್ರೆ ನಂಗೆ ಕೆಲಸ ಇರ್ತದಾ?" ಬೀಡಿ ಹಚ್ಚಿಕೊಂಡು ಇನ್ನೊಂದು ಮಾತು ಹೇಳಿದ. "ಊರಿಗೆ ಫಸ್ಟು ಮೋಟಾರು ನಿಮ್ದೇ ಕಣಪ್ಪ. ನಿಮ್ಮನೇದು ನೋಡಿ ಆಮ್ಯಾಕೆ ಎಲ್ರೂ ಹಾಕ್ಕಂಡ್ರು."

ಆ ರಾತ್ರಿ ಊಟಕ್ಕೆ ಕೂತಾಗ ಮೋಟಾರ್ ತೆಗೆಸೋಣ ಅಂದೆ. ಅಮ್ಮ ತಟ್ಟೆಗೆ ಮುದ್ದೆ ಹಾಕ್ತಿದ್ದವಳು ಕೈ ನಿಲ್ಲಿಸಿದಳು. "ನೀನು ಬೆಂಗ್ಳೂರಿಗೆ ಹೋಗ್ತೀಯ. ಗುಂಡಿಗೆ ಇಳಿಯೋಳು ನಾನು" ಅಂದಳು. ಅಪ್ಪ ಸಿಟ್ಟು ಮಾಡಲಿಲ್ಲ, ಲೆಕ್ಕ ಹೇಳಿದ. "ನಾವೊಬ್ರು ತೆಗೆದ್ರೆ ಆ ನೀರು ಹಟ್ಟಿಗೆ ಹೋಗುತ್ತೆ ಅಂದ್ಕೊಂಡಿದೀಯಾ? ಪಕ್ಕದ ಮನೆ ಮೋಟಾರಿಗೆ ಹೋಗುತ್ತೆ. ನಮಗೂ ಇಲ್ಲ, ಅವರಿಗೂ ಇಲ್ಲ."

ಅಪ್ಪ ಎಸ್ಎಸ್ಎಲ್‌ಸಿ ಫೇಲು. ಆದರೆ ಅವನ ಮಾತಲ್ಲಿ ತಪ್ಪು ಹುಡುಕೋಕೆ ನನಗೆ ಆಗಲಿಲ್ಲ. ಒಬ್ಬ ಒಳ್ಳೆಯವನಾದ್ರೆ ಆಗೋ ಕೆಲಸ ಇದಲ್ಲ, ಪೈಪನ್ನೇ ಬದಲಾಯಿಸಬೇಕಿತ್ತು.

ನಾವು ಆಫೀಸಿನಲ್ಲಿ ಏನು ಮಾಡ್ತೀವಿ ನೆನಪಿಸಿಕೊಳ್ಳಿ. ಆ್ಯಪ್ ಎಷ್ಟು ಬೇಗ ಓಪನ್ ಆಗುತ್ತೆ ಅಂತ ಅಳೆಯೋವಾಗ ಆವರೇಜ್ ತೋರಿಸಿದ್ರೆ ಮ್ಯಾನೇಜರ್ ಬೈತಾರೆ. ಪಿ-99 ಎಷ್ಟು, ನೂರರಲ್ಲಿ ಕಟ್ಟಕಡೆಯ ಒಬ್ಬ ಯೂಸರ್ ಎಷ್ಟು ಹೊತ್ತು ಕಾಯ್ತಿದ್ದಾನೆ ಅದನ್ನ ಹೇಳು ಅಂತಾರೆ. ಯಾರದೋ ಫೋನಿನಲ್ಲಿ ಫೋಟೋ ಲೋಡ್ ಆಗೋದಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋ ನಾನು, ನಮ್ಮೂರಿನ ನೀರಿನ ಲೆಕ್ಕವನ್ನ ಆವರೇಜಿನಲ್ಲಿ ಓದಿ ಹೇಳಿದ್ದೆ. ಹಟ್ಟಿಗೆ ಒಂದು ಹನಿ ಹೋಗದಿದ್ರೂ ಊರಿನ ಆವರೇಜು 35 ಲೀಟರೇ. ಇನ್ನೊಂದು ಬೋರ್ ಕೊರೆದ್ರೆ ಅದು 55 ಆಗುತ್ತೆ, ನಮ್ಮ ಸಂಪು ಇನ್ನೂ ಬೇಗ ತುಂಬುತ್ತೆ, ಹಟ್ಟಿಗೆ ಆಗಲೂ ಕರೆಂಟು ಹೋದ ದಿನವೇ ನೀರು.

ಇನ್ನೊಂದು ವಿಷಯ ಆಮೇಲೆ ಓದಿ ತಿಳಿದದ್ದು. ಮೋಟಾರು ಖಾಲಿ ಪೈಪನ್ನ ಹೀರಿದಾಗ ಪೈಪಿನೊಳಗೆ ಎಳೆತ ಹುಟ್ಟುತ್ತೆ. ಚರಂಡಿ ಪಕ್ಕ ಎಲ್ಲಾದ್ರೂ ಜಾಯಿಂಟ್ ಸಡಿಲ ಇದ್ರೆ ಆ ಕೊಳಕು ನೀರೂ ಒಳಗೆ ಬರುತ್ತೆ. ಅಂದ್ರೆ ಹಟ್ಟಿಯವರಿಗೆ ನೀರು ತಪ್ಪಿಸಿ ನಾವು ಮನೆಗೆ ತಂದುಕೊಳ್ತಿದ್ದದ್ದರಲ್ಲಿ ಚರಂಡಿಯೂ ಇದ್ದಿರಬಹುದು.

ಎರಡು ದಿನ ಬಿಟ್ಟು ಹಟ್ಟಿಗೆ ಹೋದೆ. ಅಜ್ಜಿ ಮನೆ ಮುಂದೆ ಹುಣಸೆಹಣ್ಣು ಬಿಡಿಸ್ತಿದ್ದಳು. ಮೋಟಾರಿನ ವಿಷಯ ಹೇಳಿದೆ, ನಮ್ಮದೇ ಮೊದಲನೇದು ಅಂತಲೂ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತು ಬಿಡಪ್ಪ. ಬೋರಿಂಗಿಂದ ಕೊಡ ಹೊತ್ಕಂಡು ನಿಮ್ಮನೆ ಮುಂದಾಸೇ ಬರಾದು ನಾವು. ಸದ್ದು ಕೇಳಕಿಲ್ವಾ?"

ಹತ್ತಿರ ಹತ್ತಿರ ಒಂಬತ್ತು ವರ್ಷ ಆ ಸದ್ದು ಕೇಳ್ಕೊಂಡು ನಮ್ಮ ಮನೆ ಮುಂದೆ ಹಾದುಹೋಗಿದ್ದಾಳೆ. ಅಮ್ಮನನ್ನ ಕಂಡಾಗ "ಊಟ ಆಯ್ತಾ ಅಮ್ಮಯ್ಯ" ಅಂತಲೂ ಕೇಳಿದ್ದಾಳೆ. ನನಗೆ ಮಾತು ಬರಲಿಲ್ಲ.

ಮುಂದಿನ ಸಭೆಯಲ್ಲಿ ಮಾತಾಡಿದೆ. ಮೊದಲು ನಮ್ಮ ಮನೆ ಮೋಟಾರಿನ ವಿಷಯ ಹೇಳಿ ಆಮೇಲೆ ಬೇರೆ ವಿಷಯ. ಕೇಳಿದ್ದು ಮೂರೇ. ಹಟ್ಟಿಗೆ ಟ್ಯಾಂಕಿನ ಬುಡದಿಂದಲೇ ಬೇರೆ ಲೈನು, ಬೇರೆ ವಾಲ್ವು. ಅದನ್ನ ತಿರುಗಿಸೋದು ಮೊದಲು, ಊರಿನದು ಆಮೇಲೆ. ಎಲ್ಲರ ಮನೆ ನಲ್ಲಿಗೂ ಒಂದೇ ಅಳತೆಯಲ್ಲಿ ನೀರು ಬಿಡೋ ಕಂಟ್ರೋಲ್ ವಾಲ್ವು. ಮಾತು ಜೋರಾಯ್ತು. "ಅವರ ಲೈನಿಗೆ ನಾವ್ಯಾಕೆ ದುಡ್ಡು ಹಾಕಬೇಕು" ಅಂತ ಒಬ್ಬರು ಕೇಳಿದರು. "ಬ್ಯಾಡ, ಗುಂಡಿ ನಾವೇ ತೋಡ್ತೀವಿ" ಅಂತ ಹಟ್ಟಿಯ ಹುಡುಗರು ಎದ್ದು ನಿಂತರು. "ಬೆಂಗ್ಳೂರಲ್ಲಿ ಕೂತ್ಕೊಂಡು ಇವನು ಊರು ಒಡೀತಾನೆ" ಅಂತಲೂ ಅನ್ನಿಸಿಕೊಂಡೆ. ಕೊನೆಗೆ ಬಾಯಿ ಹಾಕಿದ್ದು ಸಮಿತಿಯಲ್ಲಿದ್ದ ಹೆಂಗಸರು. ಕೊಡ ಹೊತ್ತು ಗೊತ್ತಿದ್ದವರು ಅವರೇ ತಾನೆ. ಎಸ್ಟಿಮೇಟಿನಲ್ಲಿ ಆರು ನೂರು ಮೀಟರ್ ಪೈಪು ಹೆಚ್ಚಾಯ್ತು.

ಎಲ್ಲ ಸರಿಹೋಯ್ತು ಅಂತ ಬರೆದು ಮುಗಿಸೋ ಆಸೆ ನನಗೂ ಇದೆ. ಆಗಿಲ್ಲ. ಕೆಲಸ ಮುಗಿಯೋಕೆ ಎರಡು ವರ್ಷ ಹಿಡೀತು. ಪೈಪಿಗೆ ಅಂತ ಅಗೆದ ಸಿಮೆಂಟ್ ರೋಡು ಇವತ್ತಿಗೂ ಹಾಗೇ ಇದೆ. ಕಂಟ್ರೋಲ್ ವಾಲ್ವನ್ನ ಕೆಲವರು ಆಗಲೇ ಕಿತ್ತು ಹಾಕಿದ್ದಾರೆ. ಬೋರಿನ ನೀರಲ್ಲಿ ಫ್ಲೋರೈಡ್ ಇರೋದರಿಂದ ಕುಡಿಯೋಕೆ ಈಗಲೂ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನು ತರಬೇಕು. ನಮ್ಮ ಮೋಟಾರು ಮಾತ್ರ ಅಟ್ಟದ ಮೇಲಿದೆ. ಅದನ್ನ ಬಿಚ್ಚಿದ ಮೇಲೆ ಅಮ್ಮ ನನ್ನ ಜೊತೆ ಒಂದು ವಾರ ಸರಿಯಾಗಿ ಮಾತಾಡಿರಲಿಲ್ಲ.

2024ರ ಬೇಸಿಗೆ ನಿಮಗೆಲ್ಲ ನೆನಪಿರುತ್ತೆ. ಬೆಂಗಳೂರಿನ ಅಂಚಿನಲ್ಲಿರೋ ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ಬಂದಿರಲಿಲ್ಲ. ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರೋ ನೀರು ನಮ್ಮ ಗೇಟಿನ ತನಕ ಮುಟ್ಟೋಕೆ ಐದನೇ ಹಂತ ಮುಗಿಯಬೇಕಿತ್ತು. ಬೋರು ಬತ್ತಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಹಗಲೂ ರಾತ್ರಿ ಟ್ಯಾಂಕರಿನ ಮಾತು. "ಸಿಟಿಯೊಳಗಿನವರಿಗೆ ದಿನಾ ಬರುತ್ತೆ, ನಮಗೆ ಮಾತ್ರ ಯಾಕಿಲ್ಲ?" ಅಂತ ಒಬ್ಬರು ಹಾಕಿದ್ದರು. ನಾನೂ ಲೈಕ್ ಒತ್ತೋಕೆ ಹೋಗಿ ಕೈ ನಿಲ್ಲಿಸಿದೆ. ಈ ಸಲ ಪೈಪಿನ ಕೊನೆಯಲ್ಲಿದ್ದವನು ನಾನು. ನಮಗೂ ಹಟ್ಟಿಗೂ ಇದ್ದ ವ್ಯತ್ಯಾಸ ಅಂದ್ರೆ ನಮ್ಮ ಹತ್ತಿರ ಟ್ಯಾಂಕರಿಗೆ ದುಡ್ಡಿತ್ತು. ಆ ಟ್ಯಾಂಕರ್ ಯಾವ ಹಳ್ಳಿಯ ಬೋರಿಂದ ತುಂಬಿಕೊಂಡು ಬರುತ್ತೆ, ಅಲ್ಲಿ ಯಾರ ನಲ್ಲಿ ಒಣಗುತ್ತೆ ಅಂತ ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ. ಅವತ್ತು ನಾನು ಕೇಳಿದೆ. ಉತ್ತರ ಬರಲಿಲ್ಲ, ಒಬ್ಬರು ನಗೋ ಇಮೋಜಿ ಹಾಕಿದರು.

ಮೊನ್ನೆ ಭಾನುವಾರ ಅಮ್ಮನಿಗೆ ಫೋನ್ ಮಾಡಿದ್ದೆ.

"ನೀರು ಬಂತಾ?"

"ಬಂತು. ಹಟ್ಟಿಗೆ ಬಿಟ್ಟು ಆಮೇಲೆ ನಮ್ಗೆ ಬಿಟ್ಟ. ಎಂಟು ಕೊಡ ಆಯ್ತು."

"ಮುಂಚೆ ಸಂಪು ತುಂಬ್ತಿತ್ತು ಅಲ್ವಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತುಂಬ್ತಿತ್ತು" ಅಂದಳು. ಆಮೇಲೆ, "ಹಟ್ಟಿ ಅಜ್ಜಿ ಈಗ ನಮ್ಮನೆ ಮುಂದೆ ಬರೋದೇ ಇಲ್ಲ ಕಣೋ. ಬರೋ ಕೆಲಸ ಏನಿದೆ ಅವಳಿಗೆ" ಅಂದಳು.