ಅತ್ತಿಯವರ ಚಿಲ್ಲರ ಡಬ್ಬಿ

ದೀಪಾವಳಿ ಮುಂದ ಮನಿ ಝಾಡಿಸಲಿಕ್ಕೆ ಹತ್ತಿದ್ವಿ ಅಂದ್ರ ಎಲ್ಲಾರ ಮನ್ಯಾಗೂ ಒಂದರ ಚಿಲ್ಲರ ಡಬ್ಬಿ ಸಿಕ್ಕೇ ಸಿಗ್ತದ. ಐದು ಪೈಸಾ, ಹತ್ತು ಪೈಸಾ, ನಾಕಾಣೆ. ಒಗೀಲಿಕ್ಕೆ ಮನಸ್ಸು ಬರೂದಿಲ್ಲ, ಇಟಗೊಂಡ್ರ ಉಪಯೋಗ ಇಲ್ಲ. ಈ ವರ್ಷ ನನಗ ನಾಲ್ಕು ಮಂದಿ ಫೋನ್ ಮಾಡಿ "ವೈನಿ, ಇವನ್ನ ಏನ ಮಾಡಬೇಕು?" ಅಂತ ಕೇಳಿದ್ರು. ಯಾಕಂದ್ರ ಹೋದ ವರ್ಷ ನಮ್ಮ ಅತ್ತಿಯವರು ತೀರಕೊಂಡ ಮ್ಯಾಲೆ ಅವರ ಡಬ್ಬಿ ವಿಲೇವಾರಿ ಮಾಡೋ ಕೆಲಸ ನನ್ನ ಪಾಲಿಗೇ ಬಂದಿತ್ತು. ಅದಕ್ಕ ನಾ ತಿಳಕೊಂಡಿದ್ದನ್ನ ಎಲ್ಲಾರಿಗೂ ಕೂಡೇ ಹೇಳಿಬಿಡ್ತೀನಿ.

ಮೊದಲನೇ ಮಾತು, ಎಲ್ಲಾ ಚಿಲ್ಲರಾನೂ ಸತ್ತಿಲ್ಲ. ಇಪ್ಪತ್ತೈದು ಪೈಸಾ ಮತ್ತ ಅದರ ಕೆಳಗಿನವು ಮಾತ್ರ 2011ರ ಜೂನ್ 30ರಿಂದ ಬಂದ್ ಆಗ್ಯಾವ. ಅದರ ಹಿಂದಿನ ದಿನದ ತನಕ ಬ್ಯಾಂಕಿನ್ಯಾಗ ಬದಲಿ ಮಾಡಿ ಕೊಡ್ತಿದ್ರು, ಈಗಿಲ್ಲ. ಆದ್ರ ಎಂಟಾಣೆ ಇನ್ನೂ ಚಾಲೂ ಅದ. ಅಂಗಡಿಯವ ಮಾರಿ ಕಿವುಚಿದ್ರೂ ಕಾಯದಾ ಪ್ರಕಾರ ಅದು ರೊಕ್ಕನ. ಒಂದು ಸಲಕ್ಕ ಹತ್ತು ರೂಪಾಯಿ ತನಕ ಎಂಟಾಣೆ ಕೊಡಬಹುದು, ರೂಪಾಯಿ ಮತ್ತ ಮ್ಯಾಲಿನ ನಾಣ್ಯ ಆದ್ರ ಸಾವಿರ ರೂಪಾಯಿ ತನಕ. ಹಳೇ ದೊಡ್ಡ ರೂಪಾಯಿನೂ ನಡೀತದ. ಹತ್ತು ರೂಪಾಯಿ ನಾಣ್ಯದ್ದಂತೂ ಹದಿನಾಲ್ಕು ನಮೂನಿ ಅವ, ಎಲ್ಲಾ ಖರೇನ ಅಂತ ರಿಜರ್ವ್ ಬ್ಯಾಂಕಿನವರು 2018ರಾಗ ಹೇಳ್ಯಾರ. ಹಿಂಗಾಗಿ ಡಬ್ಬಿ ಸುರುವಿದ ಕೂಡಲೇ ನಡಿಯೂವು ಒಂದು ಕಡೆ, ನಡೀಲಾರದ್ದು ಒಂದು ಕಡೆ ಮಾಡ್ರಿ. ನಮ್ಮ ಅತ್ತಿಯವರ ಡಬ್ಬ್ಯಾಗ ನಡಿಯೂವ 340 ರೂಪಾಯಿ ಬಂದ್ವು. ಅದನ್ನ ಅವರಿಗೆ ಕಡೀ ತನಕ ಎಣ್ಣಿ ಹಚ್ಚಿ ನೀರು ಹಾಕಿದಾಕಿಗೆ ಕೊಟ್ವಿ.

ಅತ್ತಿಯವರು 2011ರಾಗ ಯಾಕ ಬದಲಿ ಮಾಡಸಲಿಲ್ಲ ಅಂತ ನಮ್ಮ ಮೈದುನ ಕೇಳಿದ. ಅದಕ್ಕ ನಮ್ಮ ದೊಡ್ಡ ನೆಗೆಣ್ಣಿ ಹೇಳಿದ್ಲು, "ಮಾಡಸಬೇಕಂದ್ರ ಮಾವನೋರ ಕೈಯಾಗ ಕೊಡಬೇಕಿತ್ತು. ಕೊಟ್ರ ಎಷ್ಟದ ಅಂತ ಗೊತ್ತಾಗ್ತಿತ್ತು." ಎಲ್ಲಾರೂ ಸುಮ್ಮನಾದ್ರು. ಸಂತಿಗೆ ಕೊಟ್ಟಿದ್ದರಾಗ ಉಳಿದ ಐದು ಪೈಸಾ, ತವರಮನಿಗೆ ಹೋದಾಗ ಅವರವ್ವ ಮುಚ್ಚಿ ಕೊಟ್ಟ ನಾಕಾಣೆ. ಅವರಿಗೆ ಅಂತ ಇದ್ದದ್ದು ಅದೊಂದ ರೊಕ್ಕ. ಹೆಂಗಸರು ಮುಚ್ಚಿಟ್ಟ ರೊಕ್ಕ ಹಿಂಗ ಸಾಯ್ತದ ನೋಡ್ರಿ. 2016ರ ನವೆಂಬರ್ 8ರ ರಾತ್ರಿ ಐದನೂರು, ಸಾವಿರದ ನೋಟು ಬಂದ್ ಆದಾಗ ಎಷ್ಟು ಮಂದಿ ಸೀರಿ ಮಡಿಕ್ಯಾಗಿಂದ ತಗದು ಗಂಡನ ಮುಂದ ಇಟ್ರು, ನಿಮಗ ನೆನಪಿರಬೇಕು. ಈಗಲೂ ಅಂಥಾ ಹಳೇ ನೋಟು ಯಾವುದರ ಸೀರ್ಯಾಗ ಸಿಕ್ರ ಗಾಬರಿ ಆಗಬ್ಯಾಡ್ರಿ, ಹತ್ತರ ತನಕ ನೆನಪಿಗೆ ಅಂತ ಇಟಗೋಬಹುದು. ಅದಕ್ಕಿಂತ ಹೆಚ್ಚಿದ್ರ ದಂಡ ಅದ.

ಡಬ್ಬಿ ತಳದಾಗ ಒಂದು ಅರಿವಿ ಗಂಟಿನ್ಯಾಗ ಐದು ರಾಜಾ ಛಾಪಿನ ರೂಪಾಯಿ ಇದ್ವು. ಮೂವರು ಸೊಸೆಂದ್ರು, ಇಬ್ಬರು ಹೆಣ್ಣುಮಕ್ಕಳು, ಲೆಕ್ಕ ಸರಿ ಆತು ಅನಕೊಂಡ್ವಿ. ನಮ್ಮ ಮಗ ಆಯಸ್ಕಾಂತ ತಂದು ಹಿಡದು ನೋಡಿದ. ನಾಕು ಅಲ್ಲಾಡಲಿಲ್ಲ, ಒಂದು ಪಟ್ ಅಂತ ಹೋಗಿ ಹತ್ತಿಕೊಂಡ್ತು! ಬೆಳ್ಳಿ ಆಯಸ್ಕಾಂತಕ್ಕ ಹತ್ತೂದಿಲ್ಲ. ಹತ್ತಿದ್ದು 1947ರ ನಿಕ್ಕಲ್ ರೂಪಾಯಿ, ಒಂದು ಕಡೆ ರಾಜಾ, ಇನ್ನೊಂದು ಕಡೆ ಹುಲಿ. ಉಳಿದವು ಒಂದು ವಿಕ್ಟೋರಿಯಾ ರಾಣಿದು, ಒಂದು 1907ರ ಎಡ್ವರ್ಡ್ ರಾಜಾಂದು, ಎರಡು 1918ರ ಜಾರ್ಜ್ ರಾಜಾಂದು. ಅವು ಒಂದೊಂದು 11.66 ಗ್ರಾಂ, ಅಂದ್ರ ಆಗಿನ ಒಂದು ತೊಲಿ, ನೂರಕ್ಕ ಸುಮಾರು 92 ಪಾಲು ಬೆಳ್ಳಿ. 1940ರಿಂದ ಮುಂದ ಬೆಳ್ಳಿ ಅರ್ಧಕ್ಕ ಇಳೀತು, 1947ಕ್ಕ ಬೆಳ್ಳಿನ ಹೋತು. ಆಯಸ್ಕಾಂತಕ್ಕ ಹತ್ತಲಿಲ್ಲ ಅಂದಮಾತ್ರಕ್ಕ ಬೆಳ್ಳಿ ಅಂತನೂ ಅಲ್ಲ ಮತ್ತ, ಇಸವಿ ನೋಡ್ರಿ, ತೂಕ ನೋಡ್ರಿ.

ಈಗ ನಿಕ್ಕಲ್ ರೂಪಾಯಿ ಯಾರಿಗೆ? ದೊಡ್ಡ ನೆಗೆಣ್ಣಿ "ಎಲ್ಲಾ ಮಾರಿ ರೊಕ್ಕ ಹಂಚಿಕೊಳ್ಳೋಣ, ಜಗಳನ ಬ್ಯಾಡ" ಅಂದ್ಲು. ಹಿರೇ ನಾದಿನಿಗೆ ಅದು ಮನಸ್ಸಿಗೆ ಬರಲಿಲ್ಲ, ಕಣ್ಣಾಗ ನೀರು ತಂದ್ಲು. ಆವಾಗ ಸಣ್ಣ ನಾದಿನಿ ಮೆಲ್ಲಕ ಅಂದ್ಲು, "ನನಗ ಹುಲೀದ ಕೊಡ್ರಿ. ಅವ್ವ ಹುಟ್ಟಿದ್ದು ಅದs ವರ್ಷ." ಅಲ್ಲಿಗೆ ಮುಗೀತು. ಉಳಿದ ನಾಕಕ್ಕ ನಾವು ನಾಲ್ವರು ಚೀಟಿ ಎತ್ತಿದ್ವಿ.

ಅಕ್ಕಸಾಲ್ಯಾನ ಕಡೆ ಒಯ್ದು ಕರಗಸಬ್ಯಾಡ್ರಿ, ಅವ ಬರೇ ಬೆಳ್ಳಿ ತೂಕಕ್ಕ ರೊಕ್ಕ ಕೊಡ್ತಾನ, ನಾಣ್ಯಕ್ಕಲ್ಲ. ಹುಣಸಿಹಣ್ಣು, ರಂಗೋಲಿ ಪುಡಿ ಹಚ್ಚಿ ತಿಕ್ಕಲೂಬ್ಯಾಡ್ರಿ. ಸಂಗ್ರಹ ಮಾಡೋವರು ಕಪ್ಪು ಹತ್ತಿದ್ದನ್ನ ಒಪ್ಪತಾರ, ತಿಕ್ಕಿ ಗೆರಿ ಬಿದ್ದದ್ದನ್ನ ಒಪ್ಪೂದಿಲ್ಲ. ಮೆತ್ತನ್ನ ಅರಿವಿಲೆ ಒರಿಸಿ, ಒಂದೊಂದೂ ಬ್ಯಾರೆ ಬ್ಯಾರೆ ಕಾಗದದಾಗ ಸುತ್ತಿಡ್ರಿ. ಮತ್ತೊಂದು, ಹಿರೇ ನಾದಿನಿ ಮಗಳು ಅಮೇರಿಕಾದಾಗ ಇದ್ದಾಳ, "ಅಜ್ಜಿ ರೂಪಾಯಿ ನನಗ ಕಳಸ್ರಿ" ಅಂದ್ಲು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯದಾ ಪ್ರಕಾರ ಪುರಾತನ ವಸ್ತು ಆಗ್ತದ, ನಾವು ನೀವು ದೇಶದ ಹೊರಗ ಕಳಸಲಿಕ್ಕೆ ಬರೂದಿಲ್ಲ. ಬಂದಾಗ ಇಲ್ಲೇ ನೋಡವಾ ಅಂತ ಹೇಳೇವಿ.

ಈಗ ಮೊಬೈಲ್ ಮಾತು. ಘೇಂಡಾಮೃಗದ ನಾಕಾಣೆಗೆ ಒಂದೂವರಿ ಲಕ್ಷ ಅಂತ ಬರ್ತದಲ್ಲ, ನಮ್ಮ ಓಣ್ಯಾಗಿನ ಒಬ್ಬರು ಮಾಮಿ ಅದನ್ನ ನಂಬಿದ್ರು. ಮೊದಲು ನೋಂದಣಿಗೆ ಅಂತ ಸಾವಿರ, ಆಮ್ಯಾಲೆ ಟ್ಯಾಕ್ಸ್ ಅಂತ, ಆಮ್ಯಾಲೆ ಕಮಿಷನ್ ಅಂತ, ಪಿಂಚಣಿ ರೊಕ್ಕದಾಗ ಎಂಟು ಸಾವಿರ ಹೋದ್ವು. ಮಗಗ ಹೇಳಲಿಕ್ಕೆ ಅಂಜಿ ಹದಿನೈದು ದಿನ ಊಟ ಬಿಟ್ಟಿದ್ರು ಪಾಪ. ಆ ಘೇಂಡಾಮೃಗದ ನಾಕಾಣೆ 1988ರಿಂದ 2002ರ ತನಕ ಮಾಡ್ಯಾರ, ಯಾರ ಡಬ್ಬ್ಯಾಗರ ಇಲ್ಲ ಹೇಳ್ರಿ? ಎಲ್ಲಾರ ಕಡೆ ಇದ್ದದ್ದಕ್ಕ ಲಕ್ಷ ಯಾರು ಕೊಡ್ತಾರ? ರಿಜರ್ವ್ ಬ್ಯಾಂಕಿನವರು 2021ರ ಆಗಸ್ಟ್‌ನ್ಯಾಗ, ಹಳೇ ನಾಣ್ಯ ನೋಟು ಕೊಳ್ಳೋದು ಮಾರೋದು ನಮ್ಮ ಕೆಲಸ ಅಲ್ಲ, ನಮ್ಮ ಹೆಸರಿನ್ಯಾಗ ಕಮಿಷನ್ ಕೇಳಿದ್ರ ಕೊಡಬ್ಯಾಡ್ರಿ ಅಂತ ಸಾಫ್ ಹೇಳ್ಯಾರ. ಕೊಳ್ಳೋವ ನಿಮಗ ರೊಕ್ಕ ಕೊಡಬೇಕು, ನಿಮ್ಮ ಕಡೆ ಕೇಳಬಾರದು. ಇಷ್ಟು ನೆನಪಿದ್ರ ಸಾಕು. ಹಂಗೂ ಯಾರರ ಸಿಕ್ಕಿಬಿದ್ರ ನಾಚಿಕೋಬ್ಯಾಡ್ರಿ, ಆ ಕ್ಷಣಾನ 1930ಕ್ಕ ಫೋನ್ ಮಾಡ್ರಿ.

ಡಬ್ಬ್ಯಾಗ ಇನ್ನೊಂದು ಸಿಕ್ಕಿತ್ತು. ಹಳದಿ ಅರಿವ್ಯಾಗ ಕಟ್ಟಿದ ತಿಮ್ಮಪ್ಪನ ಮುಡಿಪು, ಸವ್ವಾ ರೂಪಾಯಿ. 1978ರಾಗ ನಮ್ಮ ಭಾವನೋರಿಗೆ ವಿಷಮಜ್ವರ ಬಂದಾಗ ಅತ್ತಿಯವರು ಕಟ್ಟಿದ್ದಂತ. ತಿರುಪತಿಗೆ ಹೋಗೋದು ಆಗಲೇ ಇಲ್ಲ. ಈಗ ಗಂಟಿನ್ಯಾಗ ರೂಪಾಯಿ ಜೀವಂತ, ನಾಕಾಣೆ ಸತ್ತದ. ಸವ್ವಾ ರೂಪಾಯಿ ಅನ್ನೋ ದಕ್ಷಿಣಿನ ಈಗ ಕೊಡಲಿಕ್ಕೆ ಬರೂದಿಲ್ಲ ನೋಡ್ರಿ, ಸವ್ವಾ ಹೋಗಿ ಹನ್ನೊಂದು, ಇಪ್ಪತ್ತೊಂದು ಬಂದದ. ನಾಕಾಣೆ ತಗದು ಹೊಸಾ ರೊಕ್ಕ ಹಾಕೋಣು ಅಂತ ಒಬ್ಬರು, ಸತ್ತ ರೊಕ್ಕ ದೇವರಿಗೆ ಹಾಕಬಾರದು ಅಂತ ಇನ್ನೊಬ್ಬರು. ಭಾವನೋರು ಬ್ಯಾಸಿಗಿ ಒಳಗ ಹೋಗಿ ಗಂಟು ಬಿಚ್ಚಲಾರದ ಹಂಗs ಹುಂಡಿಗೆ ಹಾಕಿದ್ರು, ಜೋಡಿ 101 ರೂಪಾಯಿ ಬ್ಯಾರೆ ಹಾಕಿದ್ರು. "ಬಿಚ್ಚಿದ್ರ ಅದು ನಂದಾಗ್ತದ, ಅವ್ವಂದಾಗೂದಿಲ್ಲ" ಅಂದ್ರಂತ. ನನಗೂ ಅದು ಸರಿ ಅನಿಸ್ತು. ಹರಕಿ ಗಂಟಿನ ಮಾತು ಬ್ಯಾರೆ. ಆದ್ರ ಡಬ್ಬಿ ಖಾಲಿ ಮಾಡಬೇಕಂತ ನಡೀಲಾರದ ಚಿಲ್ಲರ ಒಯ್ದು ಗುಡಿ ಹುಂಡಿಗೆ ಸುರುವೋದು, ಆರತಿ ತಾಟಿಗೆ ಹಾಕೋದು ಮಾಡಬ್ಯಾಡ್ರಿ. ನಮಗ ಬ್ಯಾಡಾದ್ದು ಭಟ್ಟರಿಗ್ಯಾಕ?

ಉಳಿದ ಪುಟ್ಟ ಪೈಸಾ ಏನ ಮಾಡಿದ್ವಿ ಅಂದ್ರ, ಎರಡು ಪೈಸಾ, ಮೂರು ಪೈಸಾ, ಐದು ಪೈಸಾ ನಮೂನಿಗೆ ಒಂದೊಂದು ಮೊಮ್ಮಕ್ಕಳಿಗೆ ಕೊಟ್ವಿ. ಚೌಕಾಕಾರದ್ದು, ಆರು ಮೂಲಿದು, ಅಂಚಿಗೆ ಅಲೀ ಇದ್ದದ್ದು ನೋಡಿ ಅವಕ್ಕ ಭಾರಿ ಖುಷಿ. ಇಸವಿ ಕೆಳಗ ವಜ್ರದ ಗುರುತಿದ್ರ ಮುಂಬಯಿ ಟಂಕಸಾಲಿದು, ಚಿಕ್ಕಿ ಇದ್ರ ಹೈದರಾಬಾದಿಂದು, ಚುಕ್ಕಿ ಇದ್ರ ನೊಯ್ಡಾದ್ದು, ಏನೂ ಇರದಿದ್ರ ಕಲಕತ್ತಾದ್ದು. ಸೂಟ್ಯಾಗ ಅದನ್ನ ಹುಡಕೋದ ಅವರಿಗೆ ಆಟ ಆತು. ಕಮಲದ ಹೂವಿನ ಹಳದಿ ಇಪ್ಪತ್ತು ಪೈಸಾ ಎರಡಿದ್ವು. ಅದರಾಗ ಬಂಗಾರ ಅದ ಅಂತ ಅತ್ತಿಯವರು ನಂಬಿದ್ರು. ಬಂಗಾರ ಇಲ್ಲ, ತಾಮ್ರ ಅಲ್ಯುಮಿನಿಯಂ ಕೂಡಿದ್ದು. ಆದ್ರೂ ಲಕ್ಷ್ಮೀ ಪೂಜಾಕ್ಕ ಅವನ್ನ ದೇವರ ಮುಂದ ಇಡೋದು ಬಿಟ್ಟಿಲ್ಲ.

ಒಂದ ಮಾತು ಕೇಳ್ತೀನಿ. ನಿಮ್ಮ ಡಬ್ಬ್ಯಾಗ ಒಂದು ಚೀಟಿ ಬರದಿಡ್ರಿ, ಇದು ಯಾರು ಕೊಟ್ಟದ್ದು, ಯಾತಕ್ಕ ಇಟ್ಟದ್ದು, ಯಾರಿಗೆ ಹೋಗಬೇಕು ಅಂತ. ನಮ್ಮ ಅತ್ತಿಯವರು ಬರದಿದ್ರ ಆ ಮುಡಿಪು ಭಾವನೋರು ಇಷ್ಟು ವಯಸ್ಸಾಗೋ ತನಕ ಡಬ್ಬ್ಯಾಗ ಕೂಡ್ತಿರಲಿಲ್ಲ.