ಕೋವಿಯ ಕುದುರೆ

ಕೋವಿಯ ಪುಟ್ಟ ಕೊಕ್ಕೆಗೆ ‘ಕುದುರೆ’ಯೆಂದು ಹೆಸರಿಟ್ಟ ಕನ್ನಡಿಗನಿಗೆ ನಮಸ್ಕಾರ. ಅದನ್ನು ಪಳಗಿಸುವ ಕಷ್ಟ ಕಂಡದ್ದು ಪೆನ್ಸಿಲ್ವೇನಿಯದಲ್ಲಿ. ಭಾವಮೈದುನನ ಜಿಂಕೆಬೇಟೆಯ ರೈಫಲಿನದು ಬಲು ಬಿಗಿ; ಎಳೆಯುವಷ್ಟರಲ್ಲಿ ಗುರಿ ಅಲುಗುತ್ತಿತ್ತು. ಬದಲಿ ಕುದುರೆಗಳಲ್ಲಿ ಅವನ ಕಣ್ಣು ಒಂದೂವರೆ ಪೌಂಡಿನ ಎಳೆತದ್ದರ ಮೇಲೆ. ಅಂಗಡಿಯ ಮುದುಕ ತಲೆಯಾಡಿಸಿದ: “ಅದು ಪಂದ್ಯದವರಿಗೆ. ಡಿಸೆಂಬರಿನ ಚಳಿಯಲ್ಲಿ, ಕೈಗವಸಿನೊಳಗಿನ ಬೆರಳಿಗೆ ತಾಗಿದ್ದೇ ತಿಳಿಯದು. ಮೂರು ಪೌಂಡಿರಲಿ.”

“ಭಾವ, ನೀವೇನಂತೀರಿ?”

ಬೀದಿನಾಯಿಯನ್ನೂ ಗದರಿಸಲಾರದ ನನ್ನನ್ನು ಕೇಳುತ್ತಾನೆ! “ಈ ವರ್ಷ ನಿನ್ನ ಜೊತೆ ಮಗನೂ ಬರುತ್ತಾನಲ್ಲವೆ?” ಎಂದೆ.

ಮೂರು ಪೌಂಡಿನದನ್ನೇ ಕೊಂಡ. ಜೋಡಿಸಿದ ಮೇಲೆ, ತೋಟಾ ಇಲ್ಲದ ರೈಫಲಿನ ಬೋಲ್ಟನ್ನು ಬಿರುಸಾಗಿ ಮುಚ್ಚಿ, ಬುಡವನ್ನು ನೆಲಕ್ಕೆ ಕುಟ್ಟಿ, ತಾನಾಗಿ ಸಿಡಿಯುವುದೇ ಎಂದು ಮುದುಕ ಪರೀಕ್ಷಿಸಿದ. ಸಿಡಿಯಲಿಲ್ಲ. ಭಾವಮೈದುನ ಅದನ್ನು ಇಸಿದುಕೊಂಡು ಮತ್ತೆರಡು ಸಲ ಕುಟ್ಟಿದ.